ಮೊದಲು ನಂಬರು, ಆಮೇಲೆ ಮಾತು

ನಮ್ಮ ಕಚೇರಿಯಲ್ಲಿ ನಿವೃತ್ತರಾಗುವ ಗಂಡಸರ ತಲೆಗೆ ಮೈಸೂರು ಪೇಟ ಇಡುತ್ತಾರೆ. ಹೆಂಗಸರಿಗಾದರೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಇದು ಯಾರು ಮಾಡಿದ ನಿಯಮವೋ, ಯಾವ ಸುತ್ತೋಲೆಯಲ್ಲಿ ಬಂದದ್ದೋ ಯಾರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ. ಕಳೆದ ತಿಂಗಳ ಕೊನೆಯ ದಿನ, ಅಂದು ನಿವೃತ್ತರಾಗುತ್ತಿದ್ದ ನಮ್ಮ ಮೇಡಂ ಕೇಳಿದರು. ಶಾಲು ಹೊದಿಸಲು ಬಂದ ಹೊಸ ಅಧಿಕಾರಿ ಎರಡೂ ಕೈ ಚಾಚಿಕೊಂಡು ನಿಂತಿರುವಾಗ, ಕೂತಲ್ಲಿಂದಲೇ, ಸಭೆಗೆಲ್ಲ ಕೇಳುವ ಹಾಗೆ, "ಪೇಟ ಎಲ್ಲಿ ಸಾರ್?" ಅಂದರು. ಅಧಿಕಾರಿ ತಮಾಷೆ ಅಂದುಕೊಂಡು ನಕ್ಕರು. ಇವರು ನಗಲಿಲ್ಲ. "ಮೂವತ್ನಾಲ್ಕು ವರ್ಷ ಸರ್ವೀಸ್ ಮಾಡಿರೋ ತಲೆನೇ ಸಾರ್ ಇದೂ" ಅಂದರು.

ಬೀರುವಿನಿಂದ ಹಳೆಯ ಪೇಟವೊಂದನ್ನು ಹುಡುಕಿ, ಧೂಳು ಕೊಡವಿ ತಂದರು. ಯಾವುದೋ ದಪ್ಪ ತಲೆಗೆ ಕಟ್ಟಿದ್ದು, ಇವರ ಹುಬ್ಬಿನವರೆಗೂ ಇಳಿಯಿತು. ಎಡಗೈಯಲ್ಲಿ ಅದನ್ನು ಮೇಲಕ್ಕೆ ತಳ್ಳಿಕೊಳ್ಳುತ್ತಲೇ ಅವರು ಭಾಷಣಗಳನ್ನೆಲ್ಲ ಕೇಳಿಸಿಕೊಂಡರು. ಮಾತನಾಡಿದವರೆಲ್ಲ ಮೇಡಂ ಬಹಳ ಸರಳ, ಮೃದು ಸ್ವಭಾವ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರು ಎಂದರು. ಅಪ್ಪಟ ಸುಳ್ಳು. ಹದಿನೇಳು ವರ್ಷ ಅವರ ಜೊತೆ ಕೆಲಸ ಮಾಡಿದವನು ನಾನು. ಅವರು ಸರಳವೂ ಅಲ್ಲ, ಮೃದುವೂ ಅಲ್ಲ, ಹೊಂದಿಕೊಂಡು ಹೋದದ್ದನ್ನು ನಾನಂತೂ ನೋಡಿಲ್ಲ. ಬದುಕಿರುವವರ ಮುಂದೆಯೇ ಇಷ್ಟು ಸುಳ್ಳು ಹೇಳಿದರೆ ಹೇಗೆ ಎಂದು ಸಿಟ್ಟು ಬಂದು ಇದನ್ನು ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಮೈಸೂರಿನ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಹೆಸರಿಲ್ಲದೆಯೂ ಗುರುತು ಸಿಕ್ಕೀತು, ಉಳಿದವರಿಗೆ ಹೆಸರು ಕಟ್ಟಿಕೊಂಡು ಆಗಬೇಕಾದ್ದೇನಿಲ್ಲ.

ಅವರದು ಟಪಾಲು ಮೇಜು. ಕಚೇರಿಗೆ ಬರುವ ಪ್ರತಿಯೊಂದು ಕಾಗದವನ್ನೂ ಮೊದಲು ಮುಟ್ಟುವ ಮೇಜು ಅದು. ಕಾಗದ ಬಂದರೆ ದೊಡ್ಡ ರಿಜಿಸ್ಟರಿನಲ್ಲಿ ಒಂದು ನಂಬರು ಬೀಳಬೇಕು; ಬಂದ ತಾರೀಖು, ಕಾಗದದ ಮೇಲಿರುವ ತಾರೀಖು, ಯಾರಿಂದ, ಯಾವ ವಿಷಯ ಎಂದು ಬರೆಯಬೇಕು; ತಂದವರ ನಕಲಿನ ಮೇಲೆ ಅದೇ ನಂಬರು ಹಾಕಿ ಮೊಹರು ಒತ್ತಿ ಕೊಡಬೇಕು. ಕಂಪ್ಯೂಟರು ಬಂದಿದೆ. ಆದರೆ ಅದಕ್ಕೆ ಏರಿಸುವುದು ತಿಂಗಳ ಕೊನೆಗೆ, ಅದೂ ಸರ್ವರ್ ದೊರೆಗೆ ಮನಸ್ಸು ಬಂದರೆ. ಅಲ್ಲಿಯವರೆಗೆ ರಿಜಿಸ್ಟರೇ ಗತಿ. ಈ ಮೇಜಿಗೆ ಬೇರೆಯವರು ಕೂತಾಗ ಕಾಗದ ತಂದವರನ್ನು ಮೊದಲು ವಿಚಾರಿಸುತ್ತಾರೆ: ಏನು ವಿಷಯ, ಸಾಹೇಬರಿಗೆ ಹೇಳಿದ್ದೀರಾ, ನಾಳೆ ಬನ್ನಿ, ಅಲ್ಲಿಟ್ಟು ಹೋಗಿ. ಅಲ್ಲಿಟ್ಟು ಹೋದ ಕಾಗದ ಅಲ್ಲೇ ಇರುತ್ತದೆ, ಆಮೇಲೆ ಅಲ್ಲೂ ಇರುವುದಿಲ್ಲ. ಇವರು ಮಾತ್ರ ಕಾಗದ ಕಂಡ ಕೂಡಲೇ ಕೈ ಚಾಚುತ್ತಿದ್ದರು. ತಂದವರು ತಮ್ಮ ಗೋಳು ಶುರು ಮಾಡಿದರೆ, "ಮೊದಲು ನಂಬರು, ಆಮೇಲೆ ಮಾತು" ಅನ್ನುತ್ತಿದ್ದರು. ನಂಬರು ಬಿದ್ದ ಮೇಲೆ ಬೇಕಾದಷ್ಟು ಹೊತ್ತು ಕೇಳುತ್ತಿದ್ದರು. ರಿಜಿಸ್ಟರಿನಲ್ಲಿ ಸಮಯಕ್ಕೆ ಕಾಲಮ್ಮೇ ಇರಲಿಲ್ಲ. ಅಂಚಿನಲ್ಲಿ ಅವರೇ ಸ್ಕೇಲಿಟ್ಟು ಗೆರೆ ಎಳೆದುಕೊಂಡು ಗಂಟೆ, ನಿಮಿಷ ಬರೆಯುತ್ತಿದ್ದರು. ಅದಕ್ಕೆಂದೇ ಬಲಗೈಗೆ ಗಂಡಸರ ದೊಡ್ಡ ಕೈಗಡಿಯಾರ ಕಟ್ಟುತ್ತಿದ್ದರು. ಹೆಬ್ಬೆರಳಲ್ಲಿ ಯಾವಾಗಲೂ ಮೊಹರಿನ ನೇರಳೆ ಶಾಯಿ.

ಅವರ ತಾಯಿ ನಗರದ ಬೀದಿ ಗುಡಿಸಿದವರು. ಊರು ನಂಜನಗೂಡಿನ ಕಡೆಯದು. ತಾಯಿ ಬೆಳಗಿನ ಪಾಳಿ ಮುಗಿಸಿಕೊಂಡು ಬಂದು ಮಗಳನ್ನು ಚಾಮರಾಜಪುರಂನ ಟೈಪಿಂಗ್ ಕ್ಲಾಸಿಗೆ ಕಳಿಸಿದರಂತೆ. ಈಗ ಬೋಗಾದಿಯ ಬಡಾವಣೆಯೊಂದರಲ್ಲಿ ಸ್ವಂತ ಮನೆ, ನಡುಮನೆಯಲ್ಲಿ ಬುದ್ಧನ ಪಟ, ಬಾಗಿಲಲ್ಲಿ ಸ್ಕೂಟಿ. ಬುದ್ಧ ಪೂರ್ಣಿಮೆಯ ಮಾರನೆಯ ದಿನ ಅವರು ಸ್ಟೀಲಿನ ಡಬ್ಬಿಯಲ್ಲಿ ಶಾವಿಗೆ ಪಾಯಸ ತರುತ್ತಿದ್ದರು. ನಾನು ಕಚೇರಿ ಸೇರಿದ ಮೊದಲ ವರ್ಷ ಡಬ್ಬಿ ನನ್ನ ಮೇಜಿಗೂ ಬಂತು. ಸುತ್ತ ನೋಡಿದೆ. ಒಬ್ಬರಿಗೆ ಉಪವಾಸ, ಇನ್ನೊಬ್ಬರಿಗೆ ಹಲ್ಲುನೋವು. ನಾನು ಹೊಲ ಗದ್ದೆ ಇರುವ ಮನೆಯಿಂದ ಬಂದವನು. ನಮ್ಮೂರಲ್ಲಿ ಯಾರ ಮನೆಯಲ್ಲಿ ಏನು ತಿನ್ನಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಕಲಿಸುವುದಿಲ್ಲ, ಆದರೂ ಕಲಿತಿರುತ್ತೇವೆ. "ನಂಗೆ ಶುಗರ್ ಇದೆ ಮೇಡಂ" ಅಂದೆ. ಆಗ ನನಗೆ ಇಪ್ಪತ್ತೊಂಬತ್ತು. ಅವರು ಡಬ್ಬಿ ಮುಚ್ಚಿಕೊಂಡು ಹೋದರು. ಮಾರನೆಯ ದಿನದಿಂದ ಶುರುವಾಯಿತು ನೋಡಿ. "ಗೌಡ್ರೇ, ಶುಗರ್ ಎಂಗಿದೆ?" ನಾನು ಯಾರದೋ ಹುಟ್ಟುಹಬ್ಬದ ಕೇಕು ತಿನ್ನುತ್ತಿದ್ದರೆ ಹತ್ತಿರ ಬಂದು, "ಜೋಪಾನ ಗೌಡ್ರೇ, ಶುಗರು." ವರ್ಷಗಟ್ಟಲೆ ನಡೆಯಿತು ಇದು. ಒಮ್ಮೆಯೂ ದನಿ ಎತ್ತಲಿಲ್ಲ, ಒಮ್ಮೆಯೂ ಬಿಡಲಿಲ್ಲ.

ಅವರ ಬಳಿ ಅರ್ಜಿ ಬರೆಸಲು ಬೇರೆ ಇಲಾಖೆಗಳ ಡ್ರೈವರುಗಳು, ಅಟೆಂಡರುಗಳು ಬರುತ್ತಿದ್ದರು. ಅರ್ಜಿ ವಿಷಯದಲ್ಲಿ ಅವರಿಗೆ ಅವರದೇ ವ್ಯಾಕರಣ. ನೊಂದವರು ಸಾಮಾನ್ಯವಾಗಿ ಎರಡು ಪುಟ ನೋವು ಬರೆದುಕೊಂಡು ಬರುತ್ತಾರೆ. ಇವರು ಅದರಲ್ಲಿ ಗುಣವಾಚಕಗಳನ್ನೆಲ್ಲ ಹೊಡೆದು ಹಾಕುತ್ತಿದ್ದರು. ಯಾರು, ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ ನಿಂತುಕೊಂಡು, ಏನಂದರು, ಪಕ್ಕದಲ್ಲಿ ಯಾರಿದ್ದರು, ಇಷ್ಟೇ ಇರಬೇಕು. ಘೋರ, ಅಮಾನವೀಯ ಎಂಬ ಮಾತುಗಳಿಗೆ ಮೇಲಧಿಕಾರಿಗಳು ಹೆದರುವುದಿಲ್ಲ, ಹತ್ತೂಕಾಲು ಗಂಟೆ ಎಂದು ಬರೆದರೆ ಹೆದರುತ್ತಾರೆ ಎನ್ನುವುದು ಅವರ ಅನುಭವ.

ರತ್ನ ಮೂರು ವರ್ಷದ ಹಿಂದೆ ನಮ್ಮ ಕಚೇರಿಗೆ ಬಂದದ್ದು ಅನುಕಂಪದ ನೇಮಕಾತಿಯಲ್ಲಿ. ಗಂಡ ಇಲಾಖೆಯ ಜೀಪು ಓಡಿಸುತ್ತಿದ್ದವನು, ಕಾಯಿಲೆ ಬಿದ್ದು ತೀರಿಕೊಂಡ. ಮೂವತ್ತೈದರ ಹೆಂಗಸು, ಶಾಲೆಗೆ ಹೋಗುವ ಎರಡು ಮಕ್ಕಳು. ಅಟೆಂಡರ್ ಕೆಲಸ, ಎರಡು ವರ್ಷದ ಪ್ರೊಬೇಷನರಿ. ಆ ಎರಡು ವರ್ಷ ತೃಪ್ತಿಕರ ಎಂದು ಆಗಿನ ಕಚೇರಿ ಮುಖ್ಯಸ್ಥರಾದ ಸಾಹೇಬರು ಬರೆದರೆ ಕೆಲಸ ಖಾಯಂ. ತೃಪ್ತಿಕರವಲ್ಲ ಎಂದು ಒಂದು ಸಾಲು ಬರೆದರೆ ಮನೆ. ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಸಾಹೇಬರ ಕೋಣೆಯ ನೀರಿನ ಫಿಲ್ಟರು ತುಂಬುವುದು ಅವಳ ಕೆಲಸ. ಮೊದಲ ಎರಡು ವಾರ ಸಾಹೇಬರು ಆ ನೀರು ಕುಡಿದರು. ಆಮೇಲೆ ಒಂದು ದಿನ ಊರು ಯಾವುದಮ್ಮ ಎಂದು ಪ್ರೀತಿಯಿಂದಲೇ ಕೇಳಿದರು. ಹೇಳಿದಳು. ಊರಲ್ಲಿ ಯಾವ ಬೀದಿ ಎಂದರು. ಅದನ್ನೂ ಹೇಳಿದಳು. ಮರುದಿನದಿಂದ ಸಾಹೇಬರು ಮನೆಯಿಂದ ಫ್ಲಾಸ್ಕಿನಲ್ಲಿ ನೀರು ತರತೊಡಗಿದರು. ರತ್ನ ಇನ್ನು ಮುಂದೆ ಸಾಹೇಬರ ಕೋಣೆಗೆ ಹೋಗುವುದು ಬೇಡ, ಅಂಗಳ ಮತ್ತು ಶೌಚಾಲಯ ನೋಡಿಕೊಳ್ಳಲಿ ಎಂದು ನಮ್ಮ ಸೂಪರಿಂಟೆಂಡೆಂಟರು ಬಾಯಿಮಾತಿನಲ್ಲಿ ಹೇಳಿದರು.

ಸಾಹೇಬರು ಒಬ್ಬರಿಗೂ ಬೈದವರಲ್ಲ, ಅದನ್ನು ಹೇಳಿಬಿಡಬೇಕು. ಎಲ್ಲರನ್ನೂ ಬಹುವಚನದಲ್ಲೇ ಮಾತನಾಡಿಸುತ್ತಿದ್ದರು. ಬೈಯುವ ಮನುಷ್ಯನ ಮೇಲೆ ದೂರು ಬರೆಯುವುದು ಸುಲಭ. ಫ್ಲಾಸ್ಕಿನ ಮೇಲೆ ಹೇಗೆ ಬರೆಯುತ್ತೀರಿ?

ಆಯುಧ ಪೂಜೆ ಬಂತು. ರತ್ನ ಎರಡು ದಿನ ಕಚೇರಿ ತೊಳೆದಳು, ಜೀಪು ತೊಳೆದಳು, ಹೊಸ್ತಿಲಿಗೆ ರಂಗೋಲಿ ಹಾಕಿದಳು. ಮಂಗಳಾರತಿ ಹೊತ್ತಿಗೆ ಸೂಪರಿಂಟೆಂಡೆಂಟರು ಅವಳನ್ನು ಕರೆದು ಗೇಟಿನ ಹತ್ತಿರ ನಿಂತು ಗಾಡಿಗಳನ್ನು ನೋಡಿಕೊಳ್ಳಲು ಹೇಳಿದರು. ಗೇಟಿನ ಹತ್ತಿರ ಗಾಡಿಗಳೇ ಇರಲಿಲ್ಲ. ಎಲ್ಲ ಗಾಡಿಗಳೂ ಒಳಗೆ ಹೂವು ಮುಡಿದು ಪೂಜೆಗೆ ನಿಂತಿದ್ದವು. ಯಾಕೆ ಸಾರ್ ಎಂದು ಅವಳು ಕೇಳಿದಳು. "ಪ್ರೊಬೇಷನರಿ ಮುಗೀಲಿ ತಾಯಿ, ಆಮೇಲೆ ಪ್ರಶ್ನೆ ಕೇಳುವಂತೆ" ಅಂದರು. ಮೂರು ಹೆಜ್ಜೆ ದೂರದಲ್ಲಿ ನಾನಿದ್ದೆ. ಕೈಯಲ್ಲಿ ಬೂದುಗುಂಬಳಕಾಯಿ ಇತ್ತು. ಒಡೆಯುವ ಜವಾಬ್ದಾರಿ ನನ್ನದಾದ್ದರಿಂದ ಒಡೆಯಲು ಹೋದೆ.

ದಸರಾ ರಜೆ ಮುಗಿದು ಕಚೇರಿ ತೆರೆದ ದಿನ ರತ್ನ ಟಪಾಲು ಮೇಜಿನ ಮುಂದೆ ಬಂದು ನಿಂತಳು. ಒಂದೇ ಪುಟದ ಅರ್ಜಿ, ಸಾಹೇಬರ ಮೇಲೆಯೇ, ಅವರ ಮೇಲಧಿಕಾರಿಗೆ ಬರೆದದ್ದು, ನಿಯಮದ ಪ್ರಕಾರ ನಮ್ಮ ಕಚೇರಿಯ ಮೂಲಕ ಹೋಗಬೇಕಾದದ್ದು. ಏನೋ ಹೇಳಲು ಬಾಯಿ ತೆರೆದಳು. ಇವರು ಎಂದಿನಂತೆ ಕೈ ಚಾಚಿದರು. ನಂಬರು ಏಳುನೂರ ಹನ್ನೆರಡು. ತಾರೀಖು ಹದಿನಾಲ್ಕು. ಹನ್ನೊಂದು ಗಂಟೆ ನಲವತ್ತು ನಿಮಿಷ. ನಕಲಿಗೆ ಮೊಹರು ಬಿತ್ತು. ನಮ್ಮ ಕಚೇರಿಯ ಚರಿತ್ರೆಯಲ್ಲಿ ಹುದ್ದೆಯಲ್ಲಿರುವ ಅಧಿಕಾರಿಯ ಮೇಲಿನ ದೂರಿಗೆ ನಂಬರು ಬಿದ್ದದ್ದು ಅದೇ ಮೊದಲು. ಅಂಥ ಕಾಗದಗಳನ್ನು ಕೈಯಲ್ಲಿ ಇಸಿದುಕೊಂಡು, ಒಳಗೆ ಕರೆಸಿ, ಸಮಾಧಾನ ಮಾಡಿ, ಹರಿದು ಹಾಕುವುದು ನಮ್ಮ ಪದ್ಧತಿ.

ಅರ್ಧ ಗಂಟೆಯಲ್ಲಿ ಸಾಹೇಬರೇ ಮೇಜಿನ ಬಳಿ ಬಂದರು. ನನ್ನನ್ನು ಕೇಳದೆ ಇದನ್ನು ಯಾಕೆ ತೆಗೆದುಕೊಂಡಿರಿ ಎಂದು ಮೆಲ್ಲಗೆ, ಬಹುವಚನದಲ್ಲೇ ಕೇಳಿದರು. ಇವರು ಎದ್ದು ನಿಂತು ಉತ್ತರ ಕೊಟ್ಟರು. "ತಗೊಳ್ಳೋದು ನನ್ನ ಕೆಲಸ ಸಾರ್. ಓದೋದು ನಿಮ್ಮ ಕೆಲಸ."

ವಾರದೊಳಗೆ ಮೇಡಂಗೆ ಕಚೇರಿ ಆದೇಶ ಬಂತು: ಸಾರ್ವಜನಿಕ ಹಿತದೃಷ್ಟಿಯಿಂದ ಹಿಂಬದಿಯ ರೆಕಾರ್ಡ್ ರೂಮಿಗೆ. ಟಪಾಲು ಮೇಜು ನನಗೆ. ರತ್ನನ ಆರು ತಿಂಗಳ ವರದಿಯಲ್ಲಿ ನಡತೆ ತೃಪ್ತಿಕರವಲ್ಲ ಎಂದು ಬಿತ್ತು. ಅದರ ಮುಂದಿನ ಸೋಮವಾರ ಸೂಪರಿಂಟೆಂಡೆಂಟರು ಹೊಸದೊಂದು ರಿಜಿಸ್ಟರು ತಂದು ನನ್ನ ಮುಂದೆ ಇಟ್ಟರು. ಹಳೆಯದರ ಮೇಲೆ ಕಾಫಿ ಚೆಲ್ಲಿದೆ, ಹಾಳೆ ಅಂಟಿಕೊಂಡಿವೆ, ಮೊದಲಿಂದ ಎಲ್ಲವನ್ನೂ ಇದಕ್ಕೆ ನಕಲು ಮಾಡಿ ಎಂದರು. ಕಾಫಿ ಚೆಲ್ಲಿದ್ದು ನಿಜ. ನನ್ನ ಕಣ್ಣೆದುರಿಗೇ ಅವರೇ ಚೆಲ್ಲಿದ್ದು.

ನಕಲು ಮಾಡುವುದಕ್ಕೂ ಒಂದು ತೊಂದರೆ ಇತ್ತು. ಹೊಸದರಲ್ಲಿ ರತ್ನನ ಅರ್ಜಿ ಇರಕೂಡದು, ಆದರೆ ಏಳುನೂರ ಹನ್ನೆರಡನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುವ ಹಾಗಿಲ್ಲ, ಅದರ ನಂತರದ ನಂಬರುಗಳೆಲ್ಲ ಜನರ ಕೈಯಲ್ಲಿ ಮೊಹರಿನೊಂದಿಗೆ ಇವೆ. ಆ ಜಾಗಕ್ಕೆ ಇನ್ನೊಂದು ಕಾಗದ ಕೂರಿಸಬೇಕು. ಆ ಸೋಮವಾರದ ಅಂಚೆಯಲ್ಲಿ ಬಂದಿದ್ದ, ಇನ್ನೂ ನಂಬರು ಬೀಳದ ಒಂದು ಕಾಗದವನ್ನು ಸೂಪರಿಂಟೆಂಡೆಂಟರು ಎತ್ತಿ ಕೊಟ್ಟರು. ಕಚೇರಿಯ ನೀರಿನ ಟ್ಯಾಂಕು ತೊಳೆಸುವ ಬಗ್ಗೆ ಜ್ಞಾಪನ. ಬೇರೆ ಕಾಗದ ಸಿಗಲಿಲ್ಲವೇ ಇವರಿಗೆ ಎಂದು ಈಗ ಅನ್ನಿಸುತ್ತದೆ. ಆಗ ಏನೂ ಅನ್ನಿಸಲಿಲ್ಲ. ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಪಟ್ಟಿ ಸಾಹೇಬರ ಮೇಜಿನ ಮೇಲಿತ್ತು. ಮೂರು ದಿನ ತಲೆ ತಗ್ಗಿಸಿ ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಹೊಗಳಿದರು. ಹಳೆಯ ರಿಜಿಸ್ಟರನ್ನು ಮತ್ತೆ ಯಾರೂ ನೋಡಲಿಲ್ಲ.

ಆಮೇಲೆ ಮೇಡಂ ಮೇಲೆ ದೋಷಾರೋಪ ಬಂತು. ಏಳುನೂರ ಹನ್ನೆರಡು ಟ್ಯಾಂಕಿನ ಕಾಗದದ ನಂಬರು. ರತ್ನನ ಕೈಯಲ್ಲಿರುವ ಮೊಹರಿನ ನಕಲು ಸುಳ್ಳು. ಕಚೇರಿ ಮೊಹರನ್ನು ದುರ್ಬಳಕೆ ಮಾಡಿ ಇವರೇ ಅದನ್ನು ಸೃಷ್ಟಿಸಿದ್ದಾರೆ. ಸಾಬೀತಾದರೆ ಇವರ ಕೆಲಸ ಹೋಗುತ್ತದೆ, ಸುಳ್ಳು ದಾಖಲೆ ಇಟ್ಟುಕೊಂಡವಳು ಎಂದು ರತ್ನನದೂ ಹೋಗುತ್ತದೆ. ಇಬ್ಬರ ನಡುವೆ ನಾನು ದುಂಡಗೆ ಬರೆದ ಒಂದು ಸಾಲು.

ರೆಕಾರ್ಡ್ ರೂಮೆಂದರೆ ಕಿಟಕಿ ತೆರೆಯದ, ನುಸಿಗುಳಿಗೆ ಮತ್ತು ಇಲಿ ಎರಡೂ ಇರುವ ಕೋಣೆ. ಶಿಕ್ಷೆಗೆಂದು ಕಳಿಸಿದ ಜಾಗ. ಮೂರೇ ತಿಂಗಳಲ್ಲಿ ಅವರು ಅಲ್ಲಿನ ಕಟ್ಟುಗಳಿಗೆಲ್ಲ ನಂಬರು ಹಾಕಿ, ಕಿಟಕಿಯ ಹಲಗೆ ಕೀಳಿಸಿ, ಒಂದು ಬೆಂಚು ಹಾಕಿಸಿಕೊಂಡಿದ್ದರು. ಅರ್ಜಿ ಬರೆಸುವವರು ಈಗ ಹಿಂಬಾಗಿಲಿಂದ ಬರತೊಡಗಿದರು; ಮುಂದೆ ಕೂತಿದ್ದಾಗಿನದಕ್ಕಿಂತ ಹೆಚ್ಚು ಜನ. ಹೆರಿಗೆ ರಜೆ ಕೇಳಿದ್ದಕ್ಕೆ ದೂರದ ತಾಲ್ಲೂಕಿಗೆ ನಿಯೋಜನೆಯಾದವಳು, ಊರುಗೋಲು ಹಿಡಿದು ಬರುವವನನ್ನು ಮಹಡಿಯ ಮೇಲೆ ಯಾಕೆ ಕೂರಿಸಿದಿರಿ ಎಂದು ಕೇಳಿ ನೋಟಿಸು ತಿಂದವನು, ಎಲ್ಲರೂ ಆ ಬೆಂಚಿನ ಮೇಲೆ ಕೂತು ಎದ್ದು ಹೋದವರೇ. ದೂರು ಕೊಡುವುದಕ್ಕಿಂತ ಕೊಟ್ಟ ಮರುದಿನ ಬದುಕುವುದು ಕಷ್ಟ, ಅದಕ್ಕೆ ತಯಾರಾಗಿ ಎಂದು ಅವರಿಗೆಲ್ಲ ಹೇಳುತ್ತಿದ್ದರು. ಆ ದಿನದಿಂದ ಪ್ರತಿಯೊಂದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಯಾರು ಮಾತು ಬಿಟ್ಟರು, ಯಾವ ಕೆಲಸ ಕಿತ್ತುಕೊಂಡರು, ಎಲ್ಲವನ್ನೂ, ಸಮಯ ಹಾಕಿ.

ವಿಚಾರಣೆಯ ಹಿಂದಿನ ದಿನ ನಾನು ಆ ಕೋಣೆಗೆ ಹೋದೆ. ಸಾಕ್ಷಿಗಳ ಪಟ್ಟಿಯಲ್ಲಿ ನಾನೇ ಮೊದಲನೆಯವನು. ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿದೆ ಎಂದು ಹೇಳಬೇಕು ಎಂದು ಸೂಪರಿಂಟೆಂಡೆಂಟರು ಬಾಯಿಪಾಠ ಮಾಡಿಸಿದ್ದರು. ಕ್ಷಮೆ ಕೇಳೋಣ ಅಂತ ಹೋದವನು ಬುದ್ಧಿ ಹೇಳಲು ಶುರು ಮಾಡಿದೆ. ನಾನು ಅಂಥವನು. ಸಾಹೇಬರು ರಾಜಿಗೆ ತಯಾರಿದ್ದಾರೆ, ರತ್ನ ಅರ್ಜಿ ವಾಪಸ್ ತೆಗೆದುಕೊಂಡರೆ ದೋಷಾರೋಪ ಕೈಬಿಡುತ್ತಾರೆ ಎಂದೆಲ್ಲ ಹೇಳಿದೆ. "ನಿಮ್ಗಿರೋದು ಇನ್ನೆರಡು ವರ್ಷ ಮೇಡಂ, ಯಾಕೆ ಬೇಕು?" ಅಂದೆ.

ಅವರು ಕಡತದ ದಾರ ಬಿಗಿಯುತ್ತಿದ್ದರು. "ನಂಗೆ ಇನ್ನೆರಡು ವರ್ಷ ಗೌಡ್ರೇ. ರತ್ನಂಗೆ ಇನ್ನಿಪ್ಪತ್ತೈದು ವರ್ಷ. ಅಷ್ಟು ವರ್ಷ ಅವ್ಳು ಗೇಟಲ್ಲಿ ನಿಂತ್ಕೊಂಡು ಇಲ್ದೇ ಇರೋ ಗಾಡಿ ಕಾಯ್ಬೇಕಾ?" ಅಂದರು. ನಾನು ಎದ್ದೆ. ಹೊರಡುವಾಗ ಎಂದಿನ ದನಿಯಲ್ಲೇ, "ಶುಗರ್ ನೋಡ್ಕೊಳಿ, ನಾಳೆ ಜಾಸ್ತಿ ಆಗ್ಬುಡುತ್ತೆ" ಅಂದರು.

ವಿಚಾರಣೆಗೆ ಬೇರೆ ಜಿಲ್ಲೆಯಿಂದ ಬಂದ ಅಧಿಕಾರಿ ವಯಸ್ಸಾದವರು, ಬಿಸ್ಕತ್ತು ಟೀಯಲ್ಲಿ ಅದ್ದಿಕೊಂಡು ತಿನ್ನುತ್ತಾ ಎಲ್ಲವನ್ನೂ ಬೇಗ ಮುಗಿಸುವ ಅವಸರದಲ್ಲಿದ್ದರು. ನಾನು ಬಾಯಿಪಾಠ ಒಪ್ಪಿಸಿದೆ. ಇದು ನನ್ನ ಕೈಬರಹ, ಹಳೆಯ ರಿಜಿಸ್ಟರಿನಲ್ಲಿ ಇದ್ದದ್ದನ್ನೇ ಬರೆದಿದ್ದೇನೆ. ಸಾಹೇಬರು ಹಿಂದಿನ ಕುರ್ಚಿಯಲ್ಲಿದ್ದರು. ಬಾಗಿಲ ಹೊರಗೆ ರತ್ನ ನಿಂತಿದ್ದಳು. ಆರೋಪ ಹೊತ್ತವರಿಗೆ ಸಾಕ್ಷಿಯನ್ನು ಪ್ರಶ್ನಿಸುವ ಹಕ್ಕಿದೆ. ಹಿಂದಿನ ವಾರ ಅರ್ಧ ದಿನ ಕೂತು ಆ ಹೊಸ ರಿಜಿಸ್ಟರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಹಕ್ಕನ್ನೂ ಅವರು ಬರೆದು ಕೇಳಿ ಪಡೆದಿದ್ದರು. ಟಪಾಲು ರಿಜಿಸ್ಟರನ್ನು ಯಾರಾದರೂ ಓದುತ್ತಾರೆಯೇ? ನಾನೇ ಓದಿರಲಿಲ್ಲ, ಬರೆದಿದ್ದೆ ಅಷ್ಟೆ.

ಅವರು ಎದ್ದು ಬಂದು ಆ ಪುಟ ತೆರೆದು ನನ್ನ ಮುಂದಿಟ್ಟರು. ಏಳುನೂರ ಹನ್ನೆರಡನೆಯ ಸಾಲನ್ನು ಗಟ್ಟಿಯಾಗಿ ಓದಲು ಹೇಳಿದರು. ಓದಿದೆ. ಬಂದ ತಾರೀಖು ಹದಿನಾಲ್ಕು. ಕಾಗದದ ತಾರೀಖು... ಅಲ್ಲಿ ನನ್ನ ನಾಲಿಗೆ ನಿಂತಿತು. ಕಾಗದದ ತಾರೀಖು ಅದೇ ತಿಂಗಳ ಇಪ್ಪತ್ತೆರಡು. ಟ್ಯಾಂಕಿನ ಕಾಗದ ಬರೆದದ್ದೇ ಇಪ್ಪತ್ತೆರಡಕ್ಕೆ. ಅದು ನಮ್ಮ ಕಚೇರಿಗೆ ಎಂಟು ದಿನ ಮೊದಲೇ ಬಂದು ಕೂತಿತ್ತು. ಕಾಲಮ್ಮು ಕಂಡಲ್ಲಿ ತಾರೀಖು ತುಂಬುವುದು ಹದಿನೈದು ವರ್ಷದಿಂದ ಕೈಗೆ ಅಂಟಿದ ಅಭ್ಯಾಸ. ಆ ಕಾಗದದ ಮೇಲಿದ್ದದ್ದನ್ನು ಕೈ ಬರೆದುಬಿಟ್ಟಿತ್ತು.

ಅಧಿಕಾರಿಯ ಬಿಸ್ಕತ್ತು ಟೀಯೊಳಗೆ ಕಳಚಿ ಬಿತ್ತು. ಸೂಪರಿಂಟೆಂಡೆಂಟರು ಥಟ್ಟನೆ ಎದ್ದು, ನಕಲು ಮಾಡುವಾಗಿನ ಕೈತಪ್ಪು ಸಾರ್ ಎಂದರು. ನನಗೆ ಅಲ್ಲೇ ಒಂದು ಬಾಗಿಲು ತೆರೆದಂತಾಯಿತು. ಹೌದು ಕೈತಪ್ಪು ಎಂದರೆ ಮುಗಿಯಿತು. ಬಡ್ತಿ ಉಳಿಯುತ್ತದೆ, ಎಲ್ಲ ಉಳಿಯುತ್ತದೆ. ಮೇಡಂ ನನ್ನನ್ನು ಬೇಡಿಕೊಳ್ಳಲಿಲ್ಲ, ಹೆದರಿಸಲಿಲ್ಲ. ಬಲಗೈಯ ಗಡಿಯಾರ ನೋಡಿಕೊಂಡು, ಸಮಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕೇಳಿದರು.

"ಹಳೇ ರಿಜಿಸ್ಟರ್‌ನಲ್ಲಿ ಈ ನಂಬರಿಗೆ ಏನಿತ್ತು?"

ಬಾಗಿಲಾಚೆ ರತ್ನ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಳು. ಗೇಟಿನ ಹತ್ತಿರವೂ ಅವಳು ಹಾಗೆಯೇ ನಿಂತಿದ್ದು ನೆನಪಾಯಿತು. "ರತ್ನನ ಅರ್ಜಿ ಇತ್ತು" ಅಂದೆ. ಮತ್ತೆ ಕೇಳಿದರು, ಸಮಯ ಬರೆದಿತ್ತೇ ಎಂದು. ಹನ್ನೊಂದು ನಲವತ್ತು ಎಂದು ಬರೆದಿತ್ತು ಅಂದೆ. ಹೊಸದನ್ನು ಯಾರು ಬರೆಸಿದರು ಎಂದಾಗ ಅದನ್ನೂ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ. ಸುಳ್ಳಿನ ಭಾರ ಹೊತ್ತು ಇನ್ನೊಂದು ಹೆಜ್ಜೆ ಇಡಲು ನನ್ನ ಕೈಲಾಗಲಿಲ್ಲ ಅಷ್ಟೆ.

ದೋಷಾರೋಪ ಬಿದ್ದುಹೋಯಿತು. ರತ್ನನ ಅರ್ಜಿ ಮೇಲಕ್ಕೆ ಹೋಯಿತು, ಅವಳ ಪ್ರೊಬೇಷನರಿಯನ್ನು ರದ್ದು ಮಾಡುವ ಬದಲು ಒಂದು ವರ್ಷ ಮುಂದುವರಿಸಿದರು. ಸಾಹೇಬರಿಗೆ ವರ್ಗವಾಯಿತು. ಶಿಕ್ಷೆ ಅಂದುಕೊಳ್ಳಬೇಡಿ, ಅವರು ಕೇಳಿಕೊಂಡಿದ್ದ ಜಾಗಕ್ಕೇ. ಹಾರ ಹಾಕಿ ಕಳಿಸಿದೆವು. ಸೂಪರಿಂಟೆಂಡೆಂಟರು ಇಲ್ಲೇ ಉಳಿದರು. ರಿಜಿಸ್ಟರು ತಿದ್ದಿ ಬರೆಸಿದ ಬಗ್ಗೆ ವರದಿಯಲ್ಲಿ ಎರಡು ಸಾಲಿತ್ತು, ಆ ಎರಡು ಸಾಲನ್ನು ಯಾರೂ ಮುಟ್ಟಲಿಲ್ಲ.

ಇನ್ನು ನನ್ನ ಕಥೆ. ನಾನು ಹೀರೋ ಆಗಿಬಿಟ್ಟೆ. ಗೌಡ್ರು ಬೇಕೂಂತಲೇ ಆ ತಾರೀಖು ಹಾಕಿ ಸಾಹೇಬರನ್ನು ಸಿಕ್ಕಿಸಿದರು ಎಂದು ಸುತ್ತಲಿನ ಕಚೇರಿಗಳಲ್ಲೆಲ್ಲ ಮಾತಾಯಿತು. ಮೊದಮೊದಲು ಇಲ್ಲ ಅನ್ನುತ್ತಿದ್ದೆ. ಆಮೇಲೆ ಸುಮ್ಮನೆ ನಗತೊಡಗಿದೆ. ನಕ್ಕರೆ ಹೌದು ಎಂದೇ ಅರ್ಥ. ನೌಕರರ ಸಭೆಯೊಂದರಲ್ಲಿ ಶಾಲು ಹೊದಿಸಿದರು, ಹೊದಿಸಿಕೊಂಡೆ. ಆ ವರ್ಷದ ಬುದ್ಧ ಪೂರ್ಣಿಮೆಯ ಮಾರನೆಯ ದಿನ ನಾನೇ ರೆಕಾರ್ಡ್ ರೂಮಿಗೆ ಹೋಗಿ ಪಾಯಸ ಕೇಳಿದೆ. ಅವರು ಡಬ್ಬಿ ತೆಗೆದು ಲೋಟದ ತುಂಬ ಹಾಕಿ ಕೊಟ್ಟರು. "ಶುಗರ್ ವಾಸಿ ಆಯ್ತಾ?" ಎಂದರು. ನನಗೆ ನಾಚಿಕೆಯಾಯಿತು. ಪಾಯಸ ಚೆನ್ನಾಗಿತ್ತು, ಏಲಕ್ಕಿ ಸ್ವಲ್ಪ ಜಾಸ್ತಿ.

ಆ ಹೊತ್ತಿನಲ್ಲಿ ಧೈರ್ಯ ಮಾಡಿ, ತಾರೀಖು ಬೇಕೂಂತ ಬರೆದದ್ದಲ್ಲ, ಕಣ್ತಪ್ಪಿ ಆದದ್ದು ಎಂದು ಹೇಳಿಬಿಟ್ಟೆ. ಅವರು ತಲೆ ಎತ್ತಲಿಲ್ಲ. "ಗೊತ್ತು ಕಣ್ರೀ. ಬೇಕೂಂತ ಬರೆಯೋರಾಗಿದ್ರೆ ನೀವು ಆ ರಿಜಿಸ್ಟರ್ ಮುಟ್ತಿರ್ಲಿಲ್ಲ" ಅಂದರು. ಇನ್ನೊಂದು ಸೌಟು ಪಾಯಸ ಹಾಕಿದರು.

ಕಳೆದ ತಿಂಗಳ ಆರಂಭದಲ್ಲಿ ರತ್ನನ ಕೆಲಸ ಖಾಯಂ ಆದ ಆದೇಶ ಬಂತು. ಟಪಾಲಿನಲ್ಲಿ ಅದನ್ನು ತೆಗೆದುಕೊಂಡು ನಂಬರು ಹಾಕಿದವನು ನಾನೇ. ರತ್ನ ಅದನ್ನು ಓದಿ, ಸೆರಗಿಗೆ ಕಣ್ಣೊರೆಸಿಕೊಂಡು, ರೆಕಾರ್ಡ್ ರೂಮಿನ ಕಡೆಗೆ ಓಡಿದಳು. ಈಗ ಹೊಸ ಅಧಿಕಾರಿಯ ಕೋಣೆಯ ಫಿಲ್ಟರು ತುಂಬುವವಳು ಅವಳೇ.

ತಿಂಗಳ ಕೊನೆಗೆ ಪೇಟದ ಕಾರ್ಯಕ್ರಮ. ಭಾಷಣ ಮುಗಿದು, ಬೋಂಡ ತಿಂದು, ಜನ ಚೀಲ ಹುಡುಕಿಕೊಳ್ಳುತ್ತಿದ್ದರು. ನಾನು ಟಪಾಲು ಮೇಜಿಗೆ ಬಂದು ಮೊಹರಿನ ಪೆಟ್ಟಿಗೆ ಮುಚ್ಚುವುದರಲ್ಲಿದ್ದೆ. ಅವರು ಬಂದು ಎದುರಿಗೆ ನಿಂತರು. ತಲೆಯ ಮೇಲೆ ಪೇಟ ಹಾಗೇ ಇತ್ತು. ಕೈಯಲ್ಲಿ ಒಂದು ಪುಟದ ಕಾಗದ, ಎರಡು ಪ್ರತಿ.

"ಟಪಾಲು ಮುಚ್ಚಿಲ್ಲ ತಾನೆ?"

ಇಲ್ಲ ಎಂದು ಕಾಗದ ಇಸಿದುಕೊಂಡೆ. ಬಂದ ಕಾಗದವನ್ನು ಓದುವುದು ಟಪಾಲಿನವನ ಕೆಲಸವಲ್ಲ ಎಂದು ಹದಿನೇಳು ವರ್ಷ ಅವರಿಂದಲೇ ಕೇಳಿದ್ದರೂ ಕಣ್ಣು ಹರಿಯಿತು. ಸರ್ಕಾರಿ ರಿಜಿಸ್ಟರನ್ನು ನಾಶ ಮಾಡಿ, ದೂರು ಕೊಟ್ಟ ನೌಕರರ ವಿರುದ್ಧ ಸುಳ್ಳು ರಿಜಿಸ್ಟರು ಸೃಷ್ಟಿಸಿದವರ ಮೇಲೆ ಕ್ರಮ ಕೈಗೊಳ್ಳುವ ಬಗ್ಗೆ. ಗುಣವಾಚಕ ಒಂದೂ ಇರಲಿಲ್ಲ. ತಾರೀಖುಗಳಿದ್ದವು, ಗಂಟೆ ನಿಮಿಷಗಳಿದ್ದವು, ಮೂರು ಹೆಸರುಗಳಿದ್ದವು. ಮೊದಲನೆಯದು ಸಾಹೇಬರದು. ಎರಡನೆಯದು ಸೂಪರಿಂಟೆಂಡೆಂಟರದು. ಮೂರನೆಯದು ನನ್ನದು.

ನಾನು ಅವರ ಮುಖ ನೋಡಿದೆ. ಅಲ್ಲಿ ಹಗೆ ಇರಲಿಲ್ಲ, ಕನಿಕರವೂ ಇರಲಿಲ್ಲ. ಹಣ್ಣಿನ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ರತ್ನನ ಆರ್ಡರ್ ಬರಲಿ ಅಂತ ಕಾಯುತ್ತಿದ್ದೆ, ಮೊದಲೇ ಕೊಟ್ಟಿದ್ದರೆ ಅವಳ ಮೇಲೆ ತೀರಿಸಿಕೊಳ್ಳುತ್ತಿದ್ದರು ಎಂದು ಹೇಳಿದರು. ನಿಮ್ಮ ಪಿಂಚಣಿ ಕಾಗದ ಇನ್ನೂ ಸೂಪರಿಂಟೆಂಡೆಂಟರ ಕೈಯಲ್ಲೇ ಇದೆಯಲ್ಲ ಮೇಡಂ ಎಂದೆ. ತಡೆಯಲಿ, ತಡೆದರೆ ಅದಕ್ಕೂ ಒಂದು ಅರ್ಜಿ ಎಂದರು. ನಾನು ಸತ್ಯ ಹೇಳಿದವನಲ್ಲವೇ, ನನ್ನಿಂದಲೇ ನೀವು ಉಳಿದದ್ದಲ್ಲವೇ ಎಂಬ ಮಾತು ಗಂಟಲವರೆಗೆ ಬಂದಿತ್ತು. "ಮೇಡಂ, ನಾನು..." ಅಂದೆ.

"ಮೊದಲು ನಂಬರು ಗೌಡ್ರೇ."

ರಿಜಿಸ್ಟರು ತೆರೆದೆ. ಬಂದ ತಾರೀಖು ಬರೆದೆ, ಕಾಗದದ ತಾರೀಖು ಎರಡು ಸಲ ನೋಡಿ ಬರೆದೆ. ವಿಷಯದ ಕಾಲಮ್ಮಿನಲ್ಲಿ ಚುಟುಕಾಗಿ ಬರೆದು ಮುಗಿಸಬಹುದಿತ್ತು, ಪೂರ್ತಿ ಬರೆದೆ. ಅಂಚಿನಲ್ಲಿ ಐದು ಗಂಟೆ ಹನ್ನೆರಡು ನಿಮಿಷ. ನಕಲಿಗೆ ಮೊಹರು ಒತ್ತಿ ಕೊಟ್ಟೆ. ಅವರು ಮೊಹರು ಸರಿಯಾಗಿ ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು, "ಈಗ ಹೇಳಿ, ಏನೋ ಹೇಳ್ತಿದ್ರಲ್ಲ" ಅಂದರು. ನಾನು ಮೊಹರನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದೆ. ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟರು. ತಿಂದೆವು.

ಮೊನ್ನೆ ನನಗೆ ಕಾರಣ ಕೇಳುವ ನೋಟಿಸು ಬಂತು. ಏಳು ದಿನದೊಳಗೆ ಉತ್ತರಿಸಬೇಕು. ಮೇಲಿನವರ ಆಜ್ಞೆ ಪಾಲಿಸಿದೆ ಎಂದು ಬರೆಯಿರಿ, ಎಲ್ಲರೂ ಹಾಗೆಯೇ ಬರೆಯುವುದು ಎಂದು ಸೂಪರಿಂಟೆಂಡೆಂಟರು ಸಲಹೆ ಕೊಟ್ಟರು. ಅವರು ಹಾಗೇ ಬರೆದಿದ್ದಾರೆ. ನನ್ನದು ನಾಲ್ಕೇ ಸಾಲು. ಯಾರು ಹೇಳಿದರು, ಯಾವತ್ತು, ಎಷ್ಟು ಗಂಟೆಗೆ, ಮತ್ತು ಗೊತ್ತಿದ್ದೂ ನಾನು ಬರೆದೆ. ಇಂದು ಬೆಳಿಗ್ಗೆ ಅದನ್ನು ನನ್ನದೇ ಮೇಜಿನಲ್ಲಿ ನಾನೇ ಕೊಟ್ಟು, ನಾನೇ ತೆಗೆದುಕೊಂಡು, ಮೊದಲು ನಂಬರು ಹಾಕಿದೆ.